ಬೆಳಗಿನ ಏಳಕ್ಕೆ ಒಂದು ಗಂಟೆ: ಇಥಿಯೋಪಿಯಾಕ್ಕೆ ಹೊರಡುವವರು ತಿಳಿದಿರಬೇಕಾದದ್ದು

2025ರ ನವೆಂಬರ್ 23ರಂದು ಇಥಿಯೋಪಿಯಾದ ಅಫಾರ್ ಪ್ರಾಂತ್ಯದಲ್ಲಿ ಹೈಲಿ ಗುಬ್ಬಿ ಎಂಬ ಜ್ವಾಲಾಮುಖಿ ಸಿಡಿಯಿತು. ಅದರ ಬೂದಿ ಕೆಂಪು ಸಮುದ್ರ ದಾಟಿ, ಯೆಮನ್ ಮತ್ತು ಒಮಾನ್‌ಗಳ ಮೇಲೆ ಹಾದು, ಮರುದಿನವೇ ಗುಜರಾತ್, ರಾಜಸ್ಥಾನ, ದೆಹಲಿಗಳ ಆಕಾಶಕ್ಕೆ ಬಂತು. ಇಲ್ಲಿ ಹಲವು ವಿಮಾನಗಳು ರದ್ದಾದವು. ಮುಂದಿನ ತಿಂಗಳು ಭಾರತದ ಪ್ರಧಾನಿ ರಾಜಧಾನಿ ಆಡಿಸ್ ಅಬಾಬಾಕ್ಕೆ ಹೋಗಿ ಅಲ್ಲಿನ ಸಂಸತ್ತಿನಲ್ಲಿ ಮಾತನಾಡಿದರು. ಶಾಲೆಯ ಭೂಪಟದಲ್ಲಿ ನೋಡಿ ಮರೆತಿದ್ದ ದೇಶ ಹೀಗೆ ಎರಡು ತಿಂಗಳು ಸುದ್ದಿಯಲ್ಲಿತ್ತು. ಬೆಂಗಳೂರಿನವರಿಗೆ ಅದು ಅಂಥ ದೂರವೂ ಅಲ್ಲ. ಬೆಂಗಳೂರು ಮತ್ತು ಆಡಿಸ್ ನಡುವೆ ನೇರ ಪ್ರಯಾಣಿಕ ವಿಮಾನ 2019ರಲ್ಲೇ ಶುರುವಾಗಿದೆ. ಪ್ರಯಾಣ ಸುಮಾರು ಆರೂವರೆ ಗಂಟೆ. ಆಫ್ರಿಕಾದ ಬೇರೆ ದೇಶಗಳಿಗೆ ಕೆಲಸದ ಮೇಲೆ ಹೋಗುವ ಕನ್ನಡಿಗರಲ್ಲಿ ಅನೇಕರು ಆಡಿಸ್‌ನಲ್ಲೇ ವಿಮಾನ ಬದಲಿಸುತ್ತಾರೆ.

ಹೋಗುವುದು ಸುಲಭ. ಹೋದಮೇಲೆ ಅಲ್ಲಿನ ಗಡಿಯಾರ, ಪಂಚಾಂಗ ಮತ್ತು ಉಪವಾಸಗಳ ಲೆಕ್ಕ ಗೊತ್ತಿಲ್ಲದಿದ್ದರೆ ಬಸ್ಸೂ ತಪ್ಪುತ್ತದೆ, ಊಟವೂ ತಪ್ಪುತ್ತದೆ.

ಎತ್ತರದ ದೇಶ

ಇಥಿಯೋಪಿಯಾ ಆಫ್ರಿಕಾದ ಈಶಾನ್ಯದ ಕೊಂಬಿನಂಥ ಭಾಗದಲ್ಲಿದೆ. ಹನ್ನೆರಡು ಕೋಟಿಗೂ ಹೆಚ್ಚು ಜನ. ಆಫ್ರಿಕಾದಲ್ಲಿ ನೈಜೀರಿಯಾ ಬಿಟ್ಟರೆ ಇಷ್ಟು ಜನಸಂಖ್ಯೆ ಬೇರೆ ದೇಶಕ್ಕಿಲ್ಲ. 1993ರಲ್ಲಿ ಎರಿಟ್ರಿಯಾ ಬೇರೆ ದೇಶವಾದಾಗ ಕರಾವಳಿ ಕೈತಪ್ಪಿತು. ಅಂದಿನಿಂದ ಸಮುದ್ರವಿಲ್ಲ.

ಆಫ್ರಿಕಾ ಎಂದೊಡನೆ ಉರಿಬಿಸಿಲು ಎಂದು ಭಾವಿಸಿ ಬರೀ ಹತ್ತಿಯ ಅಂಗಿಗಳನ್ನು ತುಂಬಿಕೊಂಡು ಹೋದವರು ಆಡಿಸ್‌ನಲ್ಲಿ ನಡುಗುತ್ತಾರೆ. ರಾಜಧಾನಿ ಇರುವುದು ಸುಮಾರು 2,300 ಮೀಟರ್ ಎತ್ತರದಲ್ಲಿ. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿಯೇ 1,930 ಮೀಟರ್. ರಾತ್ರಿ ಸ್ವೆಟರ್ ಬೇಕು, ಹಗಲಲ್ಲಿ ಬಿಸಿಲು ಚರ್ಮ ಸುಡುತ್ತದೆ. ಗಾಳಿ ತೆಳುವಾದ್ದರಿಂದ ಮೊದಲ ಒಂದೆರಡು ದಿನ ಮೆಟ್ಟಿಲು ಹತ್ತುವಾಗ ಏದುಸಿರು ಬರಬಹುದು, ನಿದ್ದೆ ಕಡಿಮೆಯಾಗಬಹುದು. ನೀರು ಹೆಚ್ಚು ಕುಡಿದು ಆ ಎರಡು ದಿನ ನಿಧಾನವಾಗಿದ್ದರೆ ಸಾಕು. ಹೃದಯದ ಅಥವಾ ಶ್ವಾಸಕೋಶದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳಿಯೇ ಹೊರಡಬೇಕು.

ಇದೇ ದೇಶದ ಈಶಾನ್ಯ ಮೂಲೆಯ ದನಾಕಿಲ್ ತಗ್ಗು ಸಮುದ್ರಮಟ್ಟಕ್ಕಿಂತ ನೂರು ಮೀಟರಿಗೂ ಕೆಳಗಿದೆ. ಭೂಮಿಯ ಮೇಲಿನ ಅತಿ ಬಿಸಿಯ ಜಾಗಗಳಲ್ಲಿ ಅದೊಂದು. ಉತ್ತರದ ಸಿಮಿಯನ್ ಪರ್ವತಗಳ ರಾಸ್ ದೆಜೆನ್ ಶಿಖರ 4,500 ಮೀಟರ್ ದಾಟುತ್ತದೆ. ಆದ್ದರಿಂದ ಬಟ್ಟೆಯಾಗಲಿ ಔಷಧವಾಗಲಿ ದೇಶ ನೋಡಿ ಅಲ್ಲ, ಹೋಗುವ ಊರು ನೋಡಿ ತೀರ್ಮಾನಿಸಬೇಕು. ಆಡಿಸ್‌ನಂಥ ಎತ್ತರದಲ್ಲಿ ಮಲೇರಿಯಾ ಭಯವಿಲ್ಲ. ತಗ್ಗು ಪ್ರದೇಶಗಳಲ್ಲಿ ಇದೆ, ಅಲ್ಲಿಗೆ ಹೋಗುವವರಿಗೆ ಮಾತ್ರೆ ಮತ್ತು ಸೊಳ್ಳೆಪರದೆ ಎರಡೂ ಬೇಕು.

ದೊಡ್ಡ ಮಳೆಗಾಲ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಅಕ್ಟೋಬರ್‌ನಿಂದ ಜನವರಿಯವರೆಗೆ ಆಕಾಶ ತಿಳಿಯಾಗಿರುತ್ತದೆ. ಅಕ್ಟೋಬರ್‌ನಲ್ಲಂತೂ ಬೆಟ್ಟಗಳು ಇನ್ನೂ ಹಸಿರಾಗಿರುತ್ತವೆ. ಆಯ್ಕೆ ಕೈಯಲ್ಲಿದ್ದರೆ ಆ ತಿಂಗಳೇ ಸರಿ.

ವೀಸಾ ಮತ್ತು ಹಳದಿ ಜ್ವರದ ಪ್ರಮಾಣಪತ್ರ

ಭಾರತೀಯರು ಪ್ರವಾಸಿ ವೀಸಾಕ್ಕೆ ಅಂತರ್ಜಾಲದಲ್ಲೇ ಅರ್ಜಿ ಹಾಕಬಹುದು. ಸರ್ಕಾರದ ಅಧಿಕೃತ ತಾಣದ ವಿಳಾಸ ‘ಗವ್ ಡಾಟ್ ಇಟಿ’ ಎಂದು ಕೊನೆಯಾಗುತ್ತದೆ. ಹುಡುಕಿದಾಗ ಮೇಲೆ ಬರುವ ಕೆಲವು ಖಾಸಗಿ ತಾಣಗಳು ನೋಡಲು ಹಾಗೆಯೇ ಇದ್ದು ಹೆಚ್ಚು ಹಣ ಕೀಳುತ್ತವೆ. ಶುಲ್ಕ ಡಾಲರ್‌ನಲ್ಲಿ, ಆಗಾಗ ಬದಲಾಗುತ್ತದೆ. ಇ-ವೀಸಾ ಇದ್ದವರು ಆಡಿಸ್‌ನ ಬೋಲೆ ವಿಮಾನ ನಿಲ್ದಾಣದ ಮೂಲಕ ಒಳಗೆ ಬರುವಂತೆ ಯೋಜಿಸಿಕೊಳ್ಳಬೇಕು; ನೆರೆದೇಶದಿಂದ ರಸ್ತೆಯಲ್ಲಿ ಬರುತ್ತೇನೆ ಎನ್ನುವವರು ಮೊದಲು ರಾಯಭಾರ ಕಚೇರಿಯಲ್ಲಿ ವಿಚಾರಿಸಲಿ.

ವೀಸಾಕ್ಕಿಂತ ಹೆಚ್ಚು ಜನ ಎಡವುವುದು ಲಸಿಕೆಯಲ್ಲಿ. ಹಳದಿ ಜ್ವರ ಸೊಳ್ಳೆಯಿಂದ ಹರಡುವ ವೈರಸ್ ಕಾಯಿಲೆ. ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಹಲವು ದೇಶಗಳಲ್ಲಿ ಇದೆ, ಭಾರತದಲ್ಲಿ ಇಲ್ಲ. ಆದರೆ ಅದನ್ನು ಹರಡಬಲ್ಲ ಈಡಿಸ್ ಸೊಳ್ಳೆ, ಅಂದರೆ ಡೆಂಗಿ ಹರಡುವ ಅದೇ ಸೊಳ್ಳೆ, ನಮ್ಮಲ್ಲಿ ಬೇಕಾದಷ್ಟಿದೆ. ಒಬ್ಬ ರೋಗಿ ಬಂದರೂ ಸಾಕು, ಕಾಯಿಲೆ ಇಲ್ಲಿ ಬೇರುಬಿಡಬಹುದು. ಅದಕ್ಕೇ ಭಾರತದ ನಿಯಮ ಕಠಿಣ. ಇಥಿಯೋಪಿಯಾ ಭಾರತ ಸರ್ಕಾರದ ಹಳದಿ ಜ್ವರದ ದೇಶಗಳ ಪಟ್ಟಿಯಲ್ಲಿದೆ. ಅಲ್ಲಿಂದ ಬರುವವರ ಬಳಿ ಲಸಿಕೆಯ ಪ್ರಮಾಣಪತ್ರ ಇಲ್ಲದಿದ್ದರೆ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಸೋಂಕು ತಗುಲಿ ರೋಗ ಕಾಣಿಸಿಕೊಳ್ಳಲು ಅಷ್ಟು ದಿನ ಸಾಕು ಎಂಬುದೇ ಆ ಆರರ ಲೆಕ್ಕ.

ಹೋಗುವಾಗ ಈ ಕಾಗದವನ್ನು ಯಾರೂ ಕೇಳದಿರಬಹುದು, ಏಕೆಂದರೆ ಭಾರತದಲ್ಲಿ ಆ ರೋಗವಿಲ್ಲ. ಕೇಳುವುದು ವಾಪಸು ಬಂದಾಗ, ನಮ್ಮದೇ ನಿಲ್ದಾಣದಲ್ಲಿ. ‘ಯಾರೂ ಕೇಳಲಿಲ್ಲವಲ್ಲ’ ಎಂಬ ಧೈರ್ಯ ಕೆಡುವುದು ಅಲ್ಲಿಯೇ. ಲಸಿಕೆಯನ್ನು ಸರ್ಕಾರದ ಮಾನ್ಯತೆ ಪಡೆದ ಕೇಂದ್ರದಲ್ಲೇ ಹಾಕಿಸಬೇಕು. ಬೆಂಗಳೂರಿನಲ್ಲಿ ಅಂಥ ಕೇಂದ್ರಗಳಿವೆ. ಪ್ರಮಾಣಪತ್ರ ಊರ್ಜಿತವಾಗುವುದು ಲಸಿಕೆ ಪಡೆದ ಹತ್ತು ದಿನಗಳ ನಂತರ, ಆಮೇಲೆ ಜೀವನಪೂರ್ತಿ. ಲಸಿಕೆ ಕೇಂದ್ರಗಳು ವಾರದ ಎಲ್ಲ ದಿನ ಕೊಡುವುದಿಲ್ಲವಾದ್ದರಿಂದ ತಿಂಗಳ ಮೊದಲೇ ವಿಚಾರಿಸುವುದು ಒಳ್ಳೆಯದು. ಈ ಲಸಿಕೆಯನ್ನು ಮೊಟ್ಟೆಯಲ್ಲಿ ಬೆಳೆಸುತ್ತಾರೆ, ಹಾಗಾಗಿ ಮೊಟ್ಟೆಯ ಅಲರ್ಜಿ ಇರುವವರು, ಗರ್ಭಿಣಿಯರು, ಅರವತ್ತು ದಾಟಿದವರು ಮುಂಚಿತವಾಗಿ ವೈದ್ಯರಿಗೆ ಹೇಳಬೇಕು.

ಗಂಟೆ ಎಷ್ಟು?

ಅಧಿಕೃತವಾಗಿ ಇಥಿಯೋಪಿಯಾ ಭಾರತಕ್ಕಿಂತ ಎರಡೂವರೆ ಗಂಟೆ ಹಿಂದಿದೆ. ಇಲ್ಲಿ ಮಧ್ಯಾಹ್ನ ಹನ್ನೆರಡಾದಾಗ ಅಲ್ಲಿ ಬೆಳಗಿನ ಒಂಬತ್ತೂವರೆ. ಆದರೆ ಅದೇ ಹೊತ್ತಿಗೆ ಬೀದಿಯಲ್ಲಿ ಯಾರನ್ನಾದರೂ ಕೇಳಿದರೆ ‘ಮೂರೂವರೆ’ ಎನ್ನುತ್ತಾರೆ. ಅವರ ಗಡಿಯಾರ ಕೆಟ್ಟಿಲ್ಲ.

ಅಲ್ಲಿನ ರೂಢಿಯಲ್ಲಿ ದಿನ ಶುರುವಾಗುವುದು ನಡುರಾತ್ರಿಯಲ್ಲಿ ಅಲ್ಲ, ಬೆಳಗಾಗುವಾಗ. ನಮ್ಮ ಹಳೆಯ ಪಂಚಾಂಗಗಳಲ್ಲಿ ಸೂರ್ಯೋದಯದಿಂದ ಇಷ್ಟು ಘಳಿಗೆ ಎಂದು ಎಣಿಸುವ ಕ್ರಮ ನೆನಪಿದ್ದವರಿಗೆ ಇದು ತಕ್ಷಣ ಹೊಳೆಯುತ್ತದೆ. ಬೆಳಗಿನ ಆರರಿಂದ ಎಣಿಕೆ. ನಮ್ಮ ಏಳು ಅವರ ಹಗಲಿನ ಒಂದು, ನಮ್ಮ ಮಧ್ಯಾಹ್ನ ಹನ್ನೆರಡು ಅವರ ಆರು. ಸಂಜೆ ಆರಕ್ಕೆ ಹಗಲಿನ ಹನ್ನೆರಡು ಮುಗಿದು ರಾತ್ರಿಯ ಎಣಿಕೆ ಮತ್ತೆ ಒಂದರಿಂದ. ಅಂದರೆ ನಮ್ಮ ಗಂಟೆಗೂ ಅವರ ಗಂಟೆಗೂ ಯಾವಾಗಲೂ ಆರರ ಅಂತರ. ಇಂಥ ಎಣಿಕೆ ನಡೆಯುವುದು ದೇಶ ಭೂಮಧ್ಯರೇಖೆಗೆ ಹತ್ತಿರ ಇರುವುದರಿಂದ: ಆಡಿಸ್‌ನಲ್ಲಿ ವರ್ಷದ ಯಾವ ತಿಂಗಳಲ್ಲೂ ಸೂರ್ಯ ಹುಟ್ಟುವ ಹೊತ್ತು ಮುಕ್ಕಾಲು ಗಂಟೆಗಿಂತ ಹೆಚ್ಚು ಆಚೀಚೆ ಆಗುವುದಿಲ್ಲ. ಚಳಿಗಾಲದಲ್ಲಿ ಒಂಬತ್ತಕ್ಕೆ ಬೆಳಗಾಗುವ ಯುರೋಪಿನ ಉತ್ತರದಲ್ಲಿ ಇದು ಸಾಧ್ಯವೇ ಇಲ್ಲ.

ವಿಮಾನದ ಟಿಕೆಟ್ ಮತ್ತು ದೊಡ್ಡ ಹೋಟೆಲುಗಳಲ್ಲಿ ನಮಗೆ ಗೊತ್ತಿರುವ ಸಮಯವೇ ಇರುತ್ತದೆ. ಬಸ್, ಅಂಗಡಿ, ಚಾಲಕ, ಮಾರ್ಗದರ್ಶಿ, ಇಲ್ಲೆಲ್ಲ ಸ್ಥಳೀಯ ಸಮಯ. ‘ಬಸ್ ಹನ್ನೊಂದಕ್ಕೆ’ ಎಂದರೆ ನಸುಕಿನ ಐದು ಗಂಟೆ. ದೂರದ ಬಸ್ಸುಗಳು ಹೊರಡುವುದೇ ಆ ಹೊತ್ತಿಗೆ. ತಿಂಡಿ ಮುಗಿಸಿ ಹತ್ತೂಮುಕ್ಕಾಲಿಗೆ ನಿಲ್ದಾಣ ತಲುಪಿದರೆ ಬಸ್ ಆರು ಗಂಟೆಯಷ್ಟು ಮುಂದೆ ಹೋಗಿರುತ್ತದೆ. ಪ್ರತಿ ಸಲವೂ ‘ಹಬೆಶಾ ಸಮಯವೋ, ಫರೆಂಜಿ ಸಮಯವೋ’ ಎಂದು ಕೇಳಿ. ಹಬೆಶಾ ಎಂದರೆ ಅವರು, ಫರೆಂಜಿ ಎಂದರೆ ಹೊರಗಿನವರು. ಈ ಪ್ರಶ್ನೆಯನ್ನು ಅಲ್ಲಿ ಯಾರೂ ವಿಚಿತ್ರವೆಂದುಕೊಳ್ಳುವುದಿಲ್ಲ.

ಹದಿಮೂರು ತಿಂಗಳ ವರ್ಷ

ವರ್ಷದ ಲೆಕ್ಕವೂ ಬೇರೆ. ಮೂವತ್ತು ದಿನಗಳ ಹನ್ನೆರಡು ತಿಂಗಳು, ಕೊನೆಗೆ ಐದು ಅಥವಾ ಆರು ದಿನಗಳ ಪಗುಮೆ ಎಂಬ ಹದಿಮೂರನೆಯ ಪುಟ್ಟ ತಿಂಗಳು. ಹೊಸ ವರ್ಷ ಸೆಪ್ಟೆಂಬರ್ 11ಕ್ಕೆ, ಕೆಲವು ವರ್ಷ 12ಕ್ಕೆ. ಕ್ರಿಸ್ತನ ಜನನದ ವರ್ಷವನ್ನು ಪ್ರಾಚೀನ ಅಲೆಕ್ಸಾಂಡ್ರಿಯಾದ ಪಂಡಿತರ ಲೆಕ್ಕದಂತೆ ಹಿಡಿದಿರುವುದರಿಂದ ಅವರ ಇಸವಿ ನಮ್ಮದಕ್ಕಿಂತ ಏಳೆಂಟು ವರ್ಷ ಹಿಂದೆ. 2025ರ ಸೆಪ್ಟೆಂಬರ್ 11ರಂದು ಅಲ್ಲಿ 2018 ಶುರುವಾಯಿತು. ಕೈಬರಹದ ರಸೀತಿಯಲ್ಲೋ ಬಸ್ ಟಿಕೆಟ್ಟಿನಲ್ಲೋ ಹಳೆಯ ಇಸವಿ ಕಂಡರೆ ಗಾಬರಿಯಾಗಬೇಕಿಲ್ಲ. ತಾರೀಖನ್ನು ಮಾತ್ರ ಕೇಳಿ ಖಚಿತಪಡಿಸಿಕೊಳ್ಳಿ.

ಹಬ್ಬಗಳ ದಿನಗಳೂ ಇದರಿಂದಲೇ ಬದಲು. ಕ್ರಿಸ್‌ಮಸ್ ಜನವರಿ 7ಕ್ಕೆ. ಕ್ರಿಸ್ತನ ದೀಕ್ಷಾಸ್ನಾನವನ್ನು ನೆನೆಯುವ ತಿಮ್ಕತ್ ಜನವರಿ 19ಕ್ಕೆ, ಶಿಲುಬೆಯ ಹಬ್ಬ ಮೆಸ್ಕೆಲ್ ಸೆಪ್ಟೆಂಬರ್ 27ಕ್ಕೆ. ಇವೆರಡೂ ಯುನೆಸ್ಕೊ ಪಟ್ಟಿಗೆ ಸೇರಿದ ಆಚರಣೆಗಳು. ಬಿಳಿಯ ನೆತೆಲಾ ಹೊದ್ದ ಜನ ಬೀದಿ ತುಂಬುವುದನ್ನು ನೋಡಲು ಇವೇ ದಿನಗಳು ಸರಿ, ಆದರೆ ಕೋಣೆಯೂ ವಿಮಾನವೂ ಬಹಳ ಮೊದಲೇ ತುಂಬಿಹೋಗುತ್ತವೆ.

ಹಣ

ನಾಣ್ಯ ಬಿರ್. ಸರ್ಕಾರ ಬಹುಕಾಲ ಅದರ ಬೆಲೆಯನ್ನು ತಾನೇ ನಿಗದಿ ಮಾಡುತ್ತಿತ್ತು. 2024ರ ಜುಲೈ ಕೊನೆಯಲ್ಲಿ ಅದನ್ನು ಮಾರುಕಟ್ಟೆಗೆ ಬಿಟ್ಟಿತು. ಡಾಲರ್‌ಗೆ 57ರ ಆಸುಪಾಸು ಇದ್ದದ್ದು ಕೆಲವೇ ವಾರಗಳಲ್ಲಿ 100 ದಾಟಿತು, ಆಮೇಲೂ ಇಳಿಯುತ್ತಲೇ ಹೋಯಿತು. ಹಳೆಯ ಪ್ರವಾಸ ಪುಸ್ತಕಗಳಲ್ಲಿರುವ ಬಿರ್ ಲೆಕ್ಕದ ಬೆಲೆಗಳನ್ನು ಹಾಗಾಗಿ ನಂಬುವಂತಿಲ್ಲ.

ರೂಪಾಯಿ ಅಲ್ಲಿ ನಡೆಯುವುದಿಲ್ಲ, ನಮ್ಮ ಫೋನಿನ ಯುಪಿಐ ಕೂಡ. ಊರಿನಲ್ಲೇ ಡಾಲರ್ ಕೊಂಡು, ಹರಿಯದ ಹೊಸ ನೋಟುಗಳನ್ನು ಒಯ್ಯಬೇಕು. ಬ್ಯಾಂಕಿನಲ್ಲಿ ಸ್ವಲ್ಪಸ್ವಲ್ಪವಾಗಿ ಬದಲಿಸಿ ರಸೀತಿ ಇಟ್ಟುಕೊಳ್ಳಿ. ಬೀದಿಯಲ್ಲಿ ಹೆಚ್ಚು ದರ ಕೊಡುತ್ತೇನೆ ಎನ್ನುವವರು ಸಿಗುತ್ತಾರೆ, ಅದು ಕಾನೂನುಬಾಹಿರ. ಆಡಿಸ್ ಮತ್ತು ದೊಡ್ಡ ಊರುಗಳ ಎಟಿಎಂಗಳಲ್ಲಿ ವೀಸಾ ಕಾರ್ಡ್ ನಡೆಯುತ್ತದೆ, ಸಣ್ಣ ಊರಿನಲ್ಲಿ ನಗದೇ ಗತಿ.

ಎಲ್ಲಿಗೆ ಹೋಗಬಹುದು, ಎಲ್ಲಿಗೆ ಈಗ ಬೇಡ

‘ಇಥಿಯೋಪಿಯಾ ಸುರಕ್ಷಿತವೇ?’ ಎಂಬ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. ಯಾವ ಪ್ರಾಂತ್ಯ, ಯಾವ ತಿಂಗಳು ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಉತ್ತರದ ಟಿಗ್ರಾಯ್‌ನಲ್ಲಿ 2020ರ ನವೆಂಬರ್‌ನಲ್ಲಿ ಆರಂಭವಾದ ಯುದ್ಧ 2022ರ ನವೆಂಬರ್‌ನ ಪ್ರಿಟೋರಿಯಾ ಒಪ್ಪಂದದಿಂದ ನಿಂತಿತು. ಅದರ ಬೆನ್ನಿಗೆ 2023ರಲ್ಲಿ ಪಕ್ಕದ ಅಮ್ಹಾರಾ ಪ್ರಾಂತ್ಯದಲ್ಲಿ ಸೈನ್ಯಕ್ಕೂ ಫಾನೊ ಎಂಬ ಸಶಸ್ತ್ರ ಗುಂಪುಗಳಿಗೂ ಹೋರಾಟ ಶುರುವಾಯಿತು. ಒರೊಮಿಯಾದ ಕೆಲವು ಭಾಗಗಳಲ್ಲೂ ಬಂಡಾಯವಿದೆ, ಹೆದ್ದಾರಿಗಳಲ್ಲಿ ಅಪಹರಣಗಳು ನಡೆದಿವೆ.

ಪ್ರವಾಸಿಗೆ ಇದು ದೊಡ್ಡ ತೊಡಕು. ದೇಶದ ಹೆಸರಾಂತ ಸ್ಥಳಗಳಲ್ಲಿ ಹೆಚ್ಚಿನವು ಆ ಉತ್ತರದಲ್ಲೇ ಇವೆ. ಲಾಲಿಬೆಲಾ, ಗೊಂಡಾರ್‌ನ ಕೋಟೆಗಳು, ಸಿಮಿಯನ್ ಪರ್ವತ ಅಮ್ಹಾರಾದಲ್ಲಿ; ಆಕ್ಸುಮ್‌ನ ಶಿಲಾಸ್ತಂಭಗಳು ಟಿಗ್ರಾಯ್‌ನಲ್ಲಿ. ಲಾಲಿಬೆಲಾದಲ್ಲಿ ಹನ್ನೊಂದು ಚರ್ಚುಗಳನ್ನು ಕಟ್ಟಿಲ್ಲ, ಬಂಡೆಯನ್ನು ಮೇಲಿನಿಂದ ಕೆಳಕ್ಕೆ ಕೊರೆದು ಬಿಡಿಸಿದ್ದಾರೆ. ಶಿಲುಬೆಯ ಆಕಾರದ ಬೆತೆ ಗಿಯೊರ್ಗಿಸ್ ಚರ್ಚಿನ ಮಾಡು ನೆಲದ ಮಟ್ಟಕ್ಕಿದೆ; ಹತ್ತಿರ ಹೋಗುವ ತನಕ ಅಲ್ಲೊಂದು ಕಟ್ಟಡವಿದೆ ಎಂದೇ ತಿಳಿಯದು. ಎಂಟು ಶತಮಾನಗಳಿಂದ ಅಲ್ಲಿ ಪೂಜೆ ನಿಂತಿಲ್ಲ. ಚಪ್ಪಲಿ ಬಿಟ್ಟು ಹೋಗಬೇಕು, ಸುರಂಗಗಳಲ್ಲಿ ಕತ್ತಲೆ, ಆದ್ದರಿಂದ ದಪ್ಪ ಕಾಲುಚೀಲ ಮತ್ತು ಸಣ್ಣ ಟಾರ್ಚ್ ಬೇಕು.

ಪರಿಸ್ಥಿತಿ ತಿಳಿಯಾಗಿರುವಾಗ ಇಂಥ ಊರುಗಳಿಗೆ ವಿಮಾನದಲ್ಲಿ ಹೋಗಿ ವಿಮಾನದಲ್ಲೇ ಬರುವುದು ಜಾಣತನ. ನಕ್ಷೆಯಲ್ಲಿ ಹತ್ತಿರ ಕಾಣುವ ಎರಡು ಊರುಗಳ ನಡುವಿನ ರಸ್ತೆಯಲ್ಲೇ ಅಪಾಯ ಇರುವುದು. ಅಂತರರಾಷ್ಟ್ರೀಯ ಪ್ರಯಾಣವನ್ನೂ ಇಥಿಯೋಪಿಯನ್ ಏರ್‌ಲೈನ್ಸ್‌ನಲ್ಲೇ ಮಾಡಿದವರಿಗೆ ದೇಶದೊಳಗಿನ ಟಿಕೆಟ್ ಅಗ್ಗವಾಗಿ ಸಿಗುವುದುಂಟು. ಕೊಳ್ಳುವ ಮೊದಲು ಕೇಳಿ. ಹೊರಡುವ ವಾರ ಭಾರತದ ವಿದೇಶಾಂಗ ಇಲಾಖೆಯ ಮತ್ತು ಬ್ರಿಟನ್ನಿನ ಪ್ರಯಾಣ ಸೂಚನೆಗಳನ್ನು ಎರಡನ್ನೂ ನೋಡಿ. ಬ್ರಿಟನ್ನಿನದು ಪ್ರಾಂತ್ಯವಾರು ನಕ್ಷೆಗೆ ಬಣ್ಣ ಹಚ್ಚಿ ಕೊಡುತ್ತದೆ. ಅಲ್ಲಿ ಕೆಂಪು ಬಣ್ಣದ ಜಾಗಕ್ಕೆ ಹೋದರೆ ಅನೇಕ ಪ್ರಯಾಣ ವಿಮೆಗಳು ಹಣ ಕೊಡುವುದಿಲ್ಲ ಎಂಬುದನ್ನೂ ಗಮನಿಸಿ.

ಮೊದಲ ಸಲ ಹೋಗುವವರಿಗೆ ನನ್ನ ಆಯ್ಕೆ ಪೂರ್ವದ ಹರಾರ್. ಹದಿನಾರನೆಯ ಶತಮಾನದ ಗೋಡೆಯೊಳಗಿನ ಮುಸ್ಲಿಂ ಪಟ್ಟಣ, ಬಣ್ಣಬಣ್ಣದ ಓಣಿಗಳು, ಸಂಜೆಯಾದರೆ ಊರ ಹೊರಗೆ ಕತ್ತೆಕಿರುಬಗಳಿಗೆ ಕೈಯಾರೆ ಮಾಂಸ ತಿನ್ನಿಸುವ ಮಂದಿ. ದಿರೆ ದಾವಾಕ್ಕೆ ವಿಮಾನದಲ್ಲಿ ಹೋಗಿ ಅಲ್ಲಿಂದ ಸುಮಾರು ಐವತ್ತು ಕಿಲೋಮೀಟರ್ ರಸ್ತೆ. ಆಡಿಸ್–ಜಿಬೂತಿ ರೈಲು ಕೂಡ ದಿರೆ ದಾವಾ ಮೂಲಕ ಹಾದುಹೋಗುತ್ತದೆ, ಪುರುಸೊತ್ತಿದ್ದವರಿಗೆ. ದಕ್ಷಿಣದ ಹವಾಸಾ, ಅರ್ಬಾ ಮಿಂಚ್‌ಗಳಲ್ಲಿ ಸರೋವರಗಳಿವೆ. ಬಾಲೆ ಪರ್ವತಗಳಲ್ಲಿ ಜಗತ್ತಿನಲ್ಲಿ ಐನೂರಕ್ಕಿಂತ ಕಡಿಮೆ ಉಳಿದಿರುವ ಇಥಿಯೋಪಿಯದ ತೋಳವನ್ನು ಕಾಣುವ ಅವಕಾಶ ಹೆಚ್ಚು.

ದನಾಕಿಲ್‌ಗೆ ಒಂಟಿಯಾಗಿ ಹೋಗುವಂತಿಲ್ಲ. ಪ್ರವಾಸ ಸಂಸ್ಥೆ, ಹಲವು ವಾಹನಗಳ ಸಾಲು, ಕಾವಲುಗಾರರು ಬೇಕೇ ಬೇಕು. 2012ರಲ್ಲಿ ಅಲ್ಲಿ ವಿದೇಶಿ ಪ್ರವಾಸಿಗರ ಹತ್ಯೆಯಾಗಿತ್ತು. ಹೈಲಿ ಗುಬ್ಬಿಯೂ ಪ್ರವಾಸಿಗರು ನೋಡಲು ಹೋಗುವ ಎರ್ಟಾ ಅಲೆ ಜ್ವಾಲಾಮುಖಿಯ ನೆರೆಯದೇ. ಇನ್ನು ಓಮೊ ಕಣಿವೆಯ ಹೆಬ್ಬಾಗಿಲಾದ ಜಿಂಕಾದಲ್ಲಿ 2025ರ ನವೆಂಬರ್‌ನಲ್ಲಿ ಮಾರ್ಬರ್ಗ್ ವೈರಸ್ ಕಾಣಿಸಿಕೊಂಡಿತ್ತು. ಬಾವಲಿಗಳಿಂದ ಬರುವ ಅಪಾಯಕಾರಿ ಸೋಂಕು ಅದು. ಆ ಕಡೆ ಹೋಗುವವರು ಆರೋಗ್ಯ ಸೂಚನೆಗಳನ್ನೂ ನೋಡಿಕೊಳ್ಳಬೇಕು.

ಸಸ್ಯಾಹಾರಿಗೆ ಬುಧವಾರ, ಶುಕ್ರವಾರ

ಊಟದ ನಡುಮಧ್ಯ ಇರುವುದು ಇಂಜೆರಾ. ಗಸಗಸೆಯಷ್ಟು ಸಣ್ಣ ಕಾಳಿನ ಟೆಫ್ ಧಾನ್ಯದ ಹಿಟ್ಟನ್ನು ಎರಡು ಮೂರು ದಿನ ಹುಳಿಬರಿಸಿ, ಅಗಲವಾದ ಹೆಂಚಿನ ಮೇಲೆ ಹುಯ್ದು, ಮಗುಚದೆ ಒಂದೇ ಬದಿ ಬೇಯಿಸುತ್ತಾರೆ. ಮೇಲ್ಮೈ ತುಂಬ ತೂತು, ರುಚಿ ಹುಳಿ. ಅದರ ಮೇಲೆಯೇ ಪಲ್ಯ, ಗೊಜ್ಜು, ಮಾಂಸ ಎಲ್ಲವನ್ನೂ ಬಡಿಸಿ, ಒಂದೇ ತಟ್ಟೆಯಿಂದ ಹಲವರು ಬಲಗೈಯಲ್ಲಿ ತಿನ್ನುತ್ತಾರೆ. ಕೆಲವೆಡೆ ರಾಗಿ ಹಿಟ್ಟಿನ ಇಂಜೆರಾವೂ ಇದೆ. ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ನಾಡು. ಸಾವಿರಾರು ವರ್ಷಗಳ ಹಿಂದೆ ನಮ್ಮಲ್ಲಿಗೆ ಬಂದದ್ದು ಅಲ್ಲಿಂದಲೇ. ಅಲ್ಲಿ ಅದರ ಹೆಸರು ದಗುಸಾ.

ಇಥಿಯೋಪಿಯಾದ ಆರ್ಥೊಡಾಕ್ಸ್ ಕ್ರೈಸ್ತರು ಪ್ರತಿ ಬುಧವಾರ, ಶುಕ್ರವಾರ ಉಪವಾಸ ಹಿಡಿಯುತ್ತಾರೆ. ಈಸ್ಟರ್ ಮುಂಚೆ 55 ದಿನಗಳ ದೊಡ್ಡ ಉಪವಾಸ ಬೇರೆ. ಉಪವಾಸವೆಂದರೆ ಪೂರ್ತಿ ನಿರಾಹಾರವಲ್ಲ; ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ನಿಷಿದ್ಧ. ಆ ದಿನಗಳಲ್ಲಿ ಸಣ್ಣ ಹೋಟೆಲಿನಲ್ಲೂ ‘ಯೆ ತ್ಸೋಮ್ ಬೆಯಾಯ್ನೆತು’ ಸಿಗುತ್ತದೆ: ಇಂಜೆರಾ ಮೇಲೆ ಖಾರದ ಮಸೂರ, ಕಡಲೆಹಿಟ್ಟಿನ ಶಿರೊ, ಎಲೆಕೋಸು, ಸೊಪ್ಪು, ಬೀಟ್‌ರೂಟ್. ‘ನಾನು ಸಸ್ಯಾಹಾರಿ’ ಎಂದು ವಿವರಿಸುವುದಕ್ಕಿಂತ ‘ತ್ಸೋಮ್’, ಅಂದರೆ ಉಪವಾಸ, ಎಂಬ ಒಂದು ಮಾತು ಹೆಚ್ಚು ಕೆಲಸ ಮಾಡುತ್ತದೆ. ಎರಡು ಎಚ್ಚರಿಕೆ ಮಾತ್ರ ಬೇಕು. ಮೀನನ್ನು ಕೆಲವರು ಉಪವಾಸದ ಊಟವೆಂದೇ ಪರಿಗಣಿಸುತ್ತಾರೆ. ಬೇರೆ ದಿನಗಳಲ್ಲಿ ಶಿರೊಗೂ ಮಾಂಸದ ತುಂಡು ಹಾಕುವುದುಂಟು.

ಈಸ್ಟರ್ ಆದಮೇಲೆ ಐವತ್ತು ದಿನ ಬುಧವಾರ, ಶುಕ್ರವಾರಗಳ ಉಪವಾಸವೂ ಇರುವುದಿಲ್ಲ. ಆಗ ಹೋಟೆಲುಗಳೆಲ್ಲ ಮಾಂಸದ ಸಂಭ್ರಮದಲ್ಲಿರುತ್ತವೆ. ಸಸ್ಯಾಹಾರಿ ಹುಡುಕಿ ತಿನ್ನಬೇಕು. ಅಲ್ಲಿನ ಈಸ್ಟರ್ 2026ರಲ್ಲಿ ಏಪ್ರಿಲ್ 12ಕ್ಕೆ, 2027ರಲ್ಲಿ ಮೇ 2ಕ್ಕೆ. ಸಸ್ಯಾಹಾರಿಗಳು ಟಿಕೆಟ್ ಕೊಳ್ಳುವ ಮುನ್ನ ಹವಾಮಾನಕ್ಕಿಂತ ಮೊದಲು ಈ ತಾರೀಖು ನೋಡುವುದು ಲೇಸು.

ಮಾಂಸ ತಿನ್ನುವವರಿಗೆ ಹಸಿ ಮಾಂಸದ ಕಿತ್ಫೊ ಬಡಿಸುತ್ತಾರೆ. ಲಾಡಿಹುಳದ ಭಯವಿದ್ದರೆ ಬೇಯಿಸಿ ಕೊಡಿ ಎನ್ನಬಹುದು, ಬೇಸರಪಡುವುದಿಲ್ಲ. ಪಕ್ಕದವರು ತುತ್ತು ಮಾಡಿ ನಿಮ್ಮ ಬಾಯಿಗಿಟ್ಟರೆ ಅದು ಗುರ್ಶಾ, ಪ್ರೀತಿಯ ಗುರುತು, ಬೇಡವೆನ್ನುವುದು ಒರಟಾಗುತ್ತದೆ.

ಕಾಫಿಯ ಹುಟ್ಟೂರೇ ಇದು. ಇಲ್ಲಿಂದ ಯೆಮನ್‌ಗೆ ಹೋದ ಬೀಜವೇ ಬಾಬಾ ಬುಡನ್ ಅವರ ಮೂಲಕ ಚಿಕ್ಕಮಗಳೂರಿನ ಬೆಟ್ಟಕ್ಕೆ ಬಂತೆಂದು ನಮ್ಮ ಐತಿಹ್ಯ. ಮನೆಗೆ ಕರೆದರೆ ಹಸಿ ಬೀಜವನ್ನು ಎದುರಿಗೇ ಹುರಿದು, ಕುಟ್ಟಿ, ಜೆಬೆನಾ ಎಂಬ ಮಣ್ಣಿನ ಹೂಜಿಯಲ್ಲಿ ಕುದಿಸಿ ಮೂರು ಸುತ್ತು ಕೊಡುತ್ತಾರೆ: ಅಬೊಲ್, ತೊನಾ, ಬೆರೆಕಾ. ಒಂದು ಗಂಟೆಯಾದರೂ ಬೇಕು. ಮೊದಲ ಸುತ್ತಿಗೇ ಎದ್ದು ಹೊರಡುವಷ್ಟು ಅವಸರವಿದ್ದರೆ ಕೂರದಿರುವುದೇ ಮರ್ಯಾದೆ.

ಓಡಾಟ, ಫೋನ್, ಇತ್ಯಾದಿ

ಸಿಮ್ ಕಾರ್ಡಿಗೆ ಪಾಸ್‌ಪೋರ್ಟ್ ಬೇಕು. ಸರ್ಕಾರಿ ಎಥಿಯೊ ಟೆಲಿಕಾಂ ಮತ್ತು 2022ರಲ್ಲಿ ಬಂದ ಸಫಾರಿಕಾಂ, ಎರಡೇ ಕಂಪನಿ. ಗಲಭೆಯ ಪ್ರಾಂತ್ಯಗಳಲ್ಲಿ ಅಂತರ್ಜಾಲ ನಿಲ್ಲಿಸುವುದುಂಟು, ಆದ್ದರಿಂದ ನಕ್ಷೆ ಮತ್ತು ಟಿಕೆಟ್‌ಗಳನ್ನು ಮೊದಲೇ ಫೋನಿಗೆ ಇಳಿಸಿಕೊಳ್ಳಿ. ನಮ್ಮ ಎರಡು ಕಡ್ಡಿಯ ಫೋನ್ ಚಾರ್ಜರ್ ಅಲ್ಲಿ ಹೊಂದುತ್ತದೆ, ಮೂರು ಕಡ್ಡಿಯದಕ್ಕೆ ಅಡಾಪ್ಟರ್ ಬೇಕು.

ಆಡಿಸ್‌ನಲ್ಲಿ ಆ್ಯಪ್‌ನಲ್ಲಿ ಕರೆಯುವ ಟ್ಯಾಕ್ಸಿಗಳಿವೆ. ನೀಲಿ-ಬಿಳಿ ಮಿನಿಬಸ್ಸುಗಳು ಅಗ್ಗ. ಇಳಿಯಬೇಕಾದಾಗ ‘ವೆರಾಜ್ ಅಲೆ’ ಎಂದು ಕೂಗಬೇಕು. ಜನರ ಹೆಸರಿನ ಎರಡನೆಯ ಭಾಗ ಮನೆತನದ್ದಲ್ಲ, ತಂದೆಯದು. ಆದ್ದರಿಂದ ಮೊದಲ ಹೆಸರಿನಿಂದಲೇ ಕರೆಯುತ್ತಾರೆ. ಗಂಡಸರಿಗೆ ಮುಂದೆ ‘ಆತೊ’, ವಿವಾಹಿತ ಹೆಂಗಸರಿಗೆ ‘ವೊಯ್ಜೆರೊ’ ಸೇರಿಸಿದರೆ ಗೌರವ.

ಡ್ರೋನ್ ಒಯ್ಯಬೇಡಿ, ವಿಮಾನ ನಿಲ್ದಾಣದಲ್ಲೇ ಹಿಡಿದಿಟ್ಟುಕೊಳ್ಳುತ್ತಾರೆ. ಸೈನಿಕರು, ಸರ್ಕಾರಿ ಕಟ್ಟಡಗಳ ಫೋಟೊ ತೆಗೆಯಬೇಡಿ. ಖಾತ್ ಎಂಬ ಅಮಲಿನ ಎಲೆಯನ್ನು ಅಲ್ಲಿ, ಅದರಲ್ಲೂ ಹರಾರ್ ಸುತ್ತ, ಬಹಿರಂಗವಾಗಿ ಮಾರುತ್ತಾರೆ. ಭಾರತಕ್ಕೆ ತಂದರೆ ಅದು ಮಾದಕವಸ್ತು ಪ್ರಕರಣ. ಒಣಗಿದ ಖಾತ್ ಚಹಾಪುಡಿಯಂತೆ ಕಾಣುತ್ತದೆ, ಹಾಗಾಗಿ ಯಾರೋ ‘ಊರಲ್ಲಿ ಕೊಟ್ಟುಬಿಡಿ’ ಎಂದು ಕೊಡುವ ಪೊಟ್ಟಣವನ್ನು ಮುಲಾಜಿಲ್ಲದೆ ನಿರಾಕರಿಸಿ.

ವಿಮಾನ ಬದಲಿಸಲಷ್ಟೇ ಇಳಿಯುವವರಿಗೆ

ಮುಂದಿನ ವಿಮಾನಕ್ಕೆ ಹಲವು ಗಂಟೆ ಕಾಯಬೇಕಾದ ಕೆಲವು ಟಿಕೆಟ್‌ಗಳಿಗೆ ವಿಮಾನ ಸಂಸ್ಥೆಯೇ ಹೋಟೆಲ್ ಕೊಡುತ್ತದೆ. ಊರು ನೋಡುವ ಆಸೆಯಾಗುವುದು ಸಹಜ: 1974ರಲ್ಲಿ ಹದಾರ್‌ನಲ್ಲಿ ಸಿಕ್ಕ, 32 ಲಕ್ಷ ವರ್ಷ ಹಳೆಯ ಮಾನವಪೂರ್ವಜೆ ‘ಲೂಸಿ’ಯ ಅಸ್ಥಿಗಳ ಪ್ರತಿಕೃತಿ ಇರುವ ರಾಷ್ಟ್ರೀಯ ವಸ್ತುಸಂಗ್ರಹಾಲಯ ಊರೊಳಗೇ ಇದೆ. ಆದರೆ ಭಾರತದ ಹಳದಿ ಜ್ವರದ ನಿಯಮದಲ್ಲಿ ವಿನಾಯಿತಿ ಇರುವುದು ನಿಲ್ದಾಣದ ಆವರಣ ಬಿಟ್ಟು ಹೊರಗೆ ಹೋಗದೆ ವಿಮಾನ ಬದಲಿಸಿದವರಿಗೆ ಮಾತ್ರ, ಅದೂ ಆರೋಗ್ಯಾಧಿಕಾರಿ ಒಪ್ಪಿದರೆ. ಲಸಿಕೆ ಹಾಕಿಸಿಕೊಳ್ಳದವರು ಊರಿಗೆ ಮರಳುವ ದಾರಿಯಲ್ಲಿ ಆ ಹೋಟೆಲಿಗೆ ಹೋಗದೆ ನಿಲ್ದಾಣದ ಕುರ್ಚಿಯಲ್ಲೇ ರಾತ್ರಿ ಕಳೆಯುವುದು ಕ್ಷೇಮ.